ಹೊಳೆಯ ದಂಡೆಗೆ ಎರಡು ರಾತ್ರಿ

ಸಟನ್ ಕೋಲ್ಡ್‌ಫೀಲ್ಡ್
ಶುಕ್ರವಾರ, ಜೂನ್ 20, ಸಂಜೆ

ಪ್ರೀತಿಯ ಗಂಗಕ್ಕ,

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಎಚ್ಚರವಾಯಿತು. ಹಿತ್ತಲಿನಿಂದ ಠಣ್, ಠಣ್ ಎಂಬ ಸದ್ದು. ಇಡೀ ವಾರದಲ್ಲಿ ಮೊದಲ ಸಲ ಕಣ್ಣು ಹತ್ತಿತ್ತು, ಅದೂ ಹನ್ನೊಂದು ನಿಮಿಷ. ಪಕ್ಕದಲ್ಲಿ ಆಶ್ರಿತಾ ಪುಟ್ಟ ಮುಷ್ಟಿ ಬಿಗಿದು ಮಲಗಿದ್ದಳು. ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ, ಆಮೇಲೆ ಕಿಟಕಿಯಿಂದ ಇಣುಕಿದೆ. ಇವರು ಹುಲ್ಲಿನ ಮೇಲೆ ಹೊಸ ಟೆಂಟ್ ಹರಡಿಕೊಂಡು ಗೂಟ ಹೊಡೆಯುತ್ತಿದ್ದರು. ನಮ್ಮ ರಾಜಶೇಖರ ಸಾಹೇಬರು ಈ ಮನೆಯ ಗೋಡೆಗೆ ಇವತ್ತಿನವರೆಗೆ ಒಂದು ಮೊಳೆ ಹೊಡೆದವರಲ್ಲ, ನಿನಗೇ ಗೊತ್ತು.

ನಾಳೆ ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಬ್ಯೂಡ್ಲಿಯ ಆಚೆ ಸೆವರ್ನ್ ಹೊಳೆಯ ದಂಡೆಯಲ್ಲಿ ಎರಡು ರಾತ್ರಿ ಟೆಂಟು, ಹಗಲೆಲ್ಲ ಮೀನಿಗೆ ಗಾಳ. ಇವರ ಜೊತೆ ಕೆಲಸ ಮಾಡುವ ಮಂಗಳೂರಿನ ದಿನೇಶ, ಅವನ ಹೆಂಡತಿ ವಾಸಂತಿ ಕೂಡ ಬರುತ್ತಾರೆ. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ನಾನೂ ಹೋಗಬೇಕೋ ಬೇಡವೋ, ಅದೇ ತಿಳಿಯುತ್ತಿಲ್ಲ. ಸೋಮವಾರ ಹೂಂ ಅಂದೆ, ಮಂಗಳವಾರ ಊಹೂಂ ಅಂದೆ. ಬುಧವಾರ ನಾನೇ ಕೂತು ಏನೇನು ಒಯ್ಯಬೇಕೆಂದು ಪಟ್ಟಿ ಬರೆದೆ, ನಿನ್ನೆ ಹರಿದೆ. ಬಾಣಂತಿ, ಕೂಸನ್ನು ನೋಡಲು ಮನೆಗೆ ಬಂದ ಹೆಲ್ತ್ ವಿಸಿಟರ್ ನರ್ಸು ಹೇಳಿದ್ದು ದಿನಾ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಎಂದಷ್ಟೇ. ಅಷ್ಟಕ್ಕೆ ಇವರು ಟೆಂಟನ್ನೇ ಕೊಂಡರು.

ಲಿಂಗವಂತರ ಮನೆಯವರಿಗೆ ಗಾಳ ಯಾಕೆ ಅಂತ ನೀನು ನಗುತ್ತೀಯ. ಈ ದೇಶದಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರಂತೆ, ಆದ್ದರಿಂದ ಪಾಪವಿಲ್ಲವಂತೆ. ದಿನೇಶ ಮೊನ್ನೆ ನಮ್ಮ ಅಡುಗೆಮನೆಯಲ್ಲಿ ನಿಂತು, "ಹಿಡಿಯುವುದು, ತೂಕ ನೋಡುವುದು, ಫೋಟೋ ತೆಗೆಯುವುದು, ವಾಪಸ್ ಕಳಿಸುವುದು. ಇದು ಮೀನು ಹಿಡಿಯುವುದಲ್ಲ ಮಾರಾಯ, ವೀಸಾ ಆಫೀಸು!" ಅಂದ. ಧಾರವಾಡದಿಂದ ವಿಡಿಯೋ ಕಾಲ್‌ನಲ್ಲಿ ಅತ್ತೆ ಬೇರೆ, "ತಿನ್ನೂದಿಲ್ಲ ಅಂದಮ್ಯಾಲ ಅದರ ಬಾಯಿ ಯಾಕ ಹರೀತೀಯೋ ರಾಜ್ಯಾ? ಹಸದಾವ ಹಿಡದ್ರ ಒಂದ್ ಅರ್ಥ ಐತಿ" ಅಂತ ಕೇಳಿದರು. ಇವರು ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟರು. ನಾನೂ ನಕ್ಕೆ ಅಕ್ಕ. ನಗುವಾಗಲೂ ಆ ಹೊಳೆ ಕಣ್ಣೆದುರಿಗೇ ಇತ್ತು.

ಇವರು ಒಳ್ಳೆಯವರು, ಅದೇ ತೊಂದರೆ. "ನಿನ್ನ ಭಯ ಏನೇನು ಅಂತ ಒಂದೊಂದೇ ಹೇಳು ನೇತ್ರಾ, ಒಂದೊಂದೇ ಸರಿ ಮಾಡ್ತೀನಿ" ಅಂದರು. ರಾತ್ರಿ ಚಳಿ ಅಂದೆ, ಕೂಸಿಗೆ ದಪ್ಪನೆಯ ಬೆಚ್ಚನೆಯ ಉಡುಪು ಬಂತು. ಸೊಳ್ಳೆ ಅಂದೆ, ಪರದೆ ಬಂತು. ಗಾಳದ ಕೊಕ್ಕೆ ಅಂದದ್ದಕ್ಕೆ ಬೀಗ ಹಾಕುವ ಡಬ್ಬಿ. ಕೊನೆಗೆ ನೀರು ಅಂದೆ. ಕ್ಯಾಂಪಿನವರಿಗೆ ಫೋನ್ ಮಾಡಿ, ದಂಡೆಯಿಂದ ನೂರು ಹೆಜ್ಜೆ ಮೇಲಿನ ಜಾಗಕ್ಕೆ ಬದಲಾಯಿಸಿಕೊಂಡು, ನಡುವೆ ಬೇಲಿ ಇರುವ ಫೋಟೋ ತರಿಸಿ ತೋರಿಸಿದರು. ಹಾಗಾದರೆ ನೀವು ಹೋಗಿಬನ್ನಿ, ನಾನೂ ಕೂಸೂ ಮನೆಯಲ್ಲೇ ಇರುತ್ತೇವೆ ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದವಳು, ಎರಡು ದಿನ ನಾವಿಬ್ಬರೇ ಎಂಬುದು ನೆನಪಾಗಿ, ಬೇಲಿ ಚೆನ್ನಾಗಿದೆ ಅಂದೆ.

ಕಣ್ಣು ಮುಚ್ಚಿದರೆ ಒಂದೇ ಚಿತ್ರ. ಒದ್ದೆ ಹುಲ್ಲು, ಕೂಸಿನ ತಳ್ಳುಗಾಡಿ, ಗಾಡಿ ಇಳಿಜಾರಿನಲ್ಲಿ ನೀರಿನ ಕಡೆ ಜಾರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಇಂಥದು ಆಗುವ ಸಂಭವ ಎಷ್ಟೆಂದು ಲೆಕ್ಕ ಹಾಕುತ್ತೇನೆ. ಸೊನ್ನೆಯ ಮುಂದೆ ಸೊನ್ನೆ ಬರುತ್ತದೆ, ನಿದ್ದೆ ಬರುವುದಿಲ್ಲ.

ಟೆಂಟು ಈಗ ಕಾರಿನಲ್ಲಿದೆ. ನಾನು ಉಪ್ಪಿಟ್ಟಿಗೆಂದು ರವೆ ಹುರಿದಿಟ್ಟೆ, ಹೋಗುವವಳ ಹಾಗೆ. ವುಲ್ವರ್‌ಹ್ಯಾಂಪ್ಟನ್ ಆಸ್ಪತ್ರೆಯಲ್ಲಿ ರಾತ್ರಿ ಹತ್ತರವರೆಗೆ ನಿನಗೆ ಹೆರಿಗೆ ವಾರ್ಡಿನ ಡ್ಯೂಟಿ ಎಂದು ಗೊತ್ತು. ಈ ಹಾಳೆಗಳ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತೇನೆ. ಮನೆಗೆ ಹೋಗಿ, ಊಟ ಮಾಡಿ, ನಿಧಾನವಾಗಿ ಓದು. ಹೋಗು ಅನ್ನು, ಇಲ್ಲ ಬೇಡ ಅನ್ನು. ಇವರು ಎಲ್ಲ ಸರಿಮಾಡಿಟ್ಟ ಮೇಲೆ ಬೇಡ ಅನ್ನಲು ನನ್ನ ಹತ್ತಿರ ಹೇಳಿಕೊಳ್ಳುವಂಥ ಕಾರಣ ಒಂದೂ ಉಳಿದಿಲ್ಲ.

ನಿನ್ನ ತಂಗಿ,
ನೇತ್ರಾ

ತಾ.ಕ.: ಊಟ ಆಮೇಲೆ ಮಾಡು ಅಕ್ಕ, ಸಿಕ್ಕ ಕೂಡಲೇ ಓದು. ಆ ಚಿತ್ರದಲ್ಲಿ ಗಾಡಿ ತಾನಾಗಿ ಜಾರುವುದಿಲ್ಲ. ಅದರ ಹಿಡಿಯ ಮೇಲೆ ನನ್ನ ಕೈ ಇರುತ್ತದೆ. ನಾನೇ ತಳ್ಳುತ್ತೇನೆ. ಮನೆಯಲ್ಲಿದ್ದರೆ ಮಹಡಿಯ ಮೆಟ್ಟಿಲ ಮೇಲೂ ಇಂಥದೇ ಬರುತ್ತದೆ. ಹಾಗೆ ಮಾಡಬೇಕೆಂದು ನನಗಿಲ್ಲ, ಬಸವಣ್ಣನಾಣೆ ಇಲ್ಲ. ಅದು ಕಂಡ ಕೂಡಲೇ ಅವಳನ್ನು ಇವರ ಕೈಗೆ ಕೊಟ್ಟುಬಿಡುತ್ತೇನೆ. ಇವರಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನೀನು ದಿನಾ ನೋಡುವ ತಾಯಂದಿರಲ್ಲಿ ಯಾರಿಗಾದರೂ ಹೀಗಾಗಿದೆಯಾ, ಇಲ್ಲಾ ನನಗೊಬ್ಬಳಿಗೇನಾ? ಬೆಳಗಾಗುವ ಮೊದಲು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಎತ್ತಿದ ಕೂಡಲೇ ನಾನು ಆರಾಮ ಇದ್ದೀನಿ ಅನ್ನುತ್ತೇನೆ. ನೀನು ಇಡಬೇಡ.