ಟಿಟ್ಟಿಭ ಕೂಗುವ ಕಡೆ

ಮೇಲೊ,
9 ನವೆಂಬರ್ 2019

ಪ್ರೀತಿಯ ಆನಾಹಿ,

ನೀನು ಕಳಿಸಿದ ಕಿತ್ತಳೆ ಮುರಬ್ಬದ ಡಬ್ಬಿ ಬಂದು ಐದು ವಾರವಾಯಿತು. ಮುರಬ್ಬವೆಲ್ಲ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಸರಪಡಬೇಡ. ನಿನ್ನಪ್ಪ ಚಮಚ ಬದಿಗಿಟ್ಟು ಬೆರಳಿನಲ್ಲೇ ಡಬ್ಬಿಯ ತಳ ಬಳಿದರು. ಅವರ ಮಂಡಿನೋವು ಹಾಗೇ ಇದೆ. ನಾಲಿಗೆಗೆ ಮಾತ್ರ ಯಾವ ತೊಂದರೆಯೂ ಇಲ್ಲ.

ಫೋನ್ ಮಾಡಬಹುದಿತ್ತು. ಆದರೆ ನಾನು ಶಾಲೆ ಎಂದ ಕೂಡಲೇ ನೀನು "ಅಮ್ಮಾ, ಹಣ್ಣಿನ ಲಾರಿ ಬಂತು, ಇಡ್ತೀನಿ" ಅನ್ನುತ್ತೀಯ. ಬೋಧನಾ ಪರೀಕ್ಷೆಯಲ್ಲಿ ಫೇಲಾಗಿ, ಶಿಕ್ಷಕಿಯಾಗುವ ಆಸೆ ಬಿಟ್ಟು ನೀನು ಹಣ್ಣಿನ ಶೆಡ್ಡಿನ ಕೆಲಸಕ್ಕೆ ಸಾಲ್ತೊಗೆ ಹೋದಾಗಿನಿಂದ, ಅಂದರೆ ಆರು ವರ್ಷದಿಂದ, ನಿನ್ನ ಲಾರಿಗಳು ಸರಿಯಾದ ಹೊತ್ತಿಗೇ ಬರುತ್ತಿವೆ. ಅದಕ್ಕೇ ಈ ಕಾಗದ. ಭಾವೀ ಶಿಕ್ಷಕರಿಗೆ ಕಂಪ್ಯೂಟರ್ ಬಳಸಿ ಪಾಠ ಮಾಡುವುದನ್ನು ಕಲಿಸುವವಳು ಕೊನೆಗೆ ಪೆನ್ನು ಹಿಡಿದಳಲ್ಲ ಎಂದು ನಗಬೇಡ.

ನಿನಗೆ ಮಿಕಾಯೇಲಾ ಫುರ್ತಾದೊ ವಿಷಯ ಹೇಳಬೇಕು. ಕೊನೆಯ ವರ್ಷದಲ್ಲಿರುವ ನನ್ನ ವಿದ್ಯಾರ್ಥಿನಿ, ಕುರಿ ಉಣ್ಣೆ ಕತ್ತರಿಸುವವನ ಮಗಳು. ತಂಗಿಯ, ಮೂರು ಕೀ ಕಿತ್ತುಹೋದ ಲ್ಯಾಪ್‌ಟಾಪ್ ಹಿಡಿದು ಮೊದಲ ದಿನ ತರಗತಿಗೆ ಬಂದಿದ್ದಳು. ನಾನು "ಎಲ್ಲರೂ ತೆರೆಯಿರಿ" ಎಂದರೆ, ಅವಳೊಬ್ಬಳು ಕೈಯೆತ್ತಿ "ಯಾಕೆ ತೆರೀಬೇಕು ಟೀಚರ್?" ಎಂದು ಕೇಳಿದಳು. ನಾಲ್ಕು ವರ್ಷವೂ ಅದನ್ನೇ ಕೇಳಿದಳು. ಮೊದಮೊದಲು ಉದ್ಧಟತನ ಅಂದುಕೊಂಡಿದ್ದೆ.

ನನ್ನ ಹಾಳೆ ನಿನಗೆ ನೆನಪಿದೆಯಲ್ಲ? ಸರ್ಕಾರ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟ ಕಾಲದಲ್ಲಿ ಶಿಕ್ಷಕರು ಅವನ್ನು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಹಾಗಾಗಿ ಬೋಧನಾ ಪರೀಕ್ಷೆಯಲ್ಲಿ ಪರೀಕ್ಷಕರು ತುಂಬುವ ಹಾಳೆಯಲ್ಲಿ ನಾನೊಂದು ಅಂಕಣ ಸೇರಿಸಿದೆ: ಯಂತ್ರ ಎಷ್ಟು ನಿಮಿಷ ತೆರೆದಿತ್ತು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಫೇಲು. ಬೀಗಗಳೇನೋ ತೆರೆದವು. ಆದರೆ ಕ್ರಮೇಣ ನಮ್ಮ ಹುಡುಗಿಯರು ನಿಮಿಷ ತುಂಬಿಸುವುದನ್ನು ಕಲಿತರು. ಮಗು ನೋಟ್‌ಬುಕ್ಕಿನಲ್ಲಿ ಬರೆಯುತ್ತದೆ, ಪಕ್ಕದಲ್ಲಿ ಯಂತ್ರ ಸುಮ್ಮನೆ ಮಿನುಗುತ್ತದೆ, ಬತ್ತಿದ ಹಸು ಕೊಟ್ಟಿಗೆಯಲ್ಲಿ ನಿಂತ ಹಾಗೆ. ನನಗದು ಕಾಣುತ್ತಿತ್ತು. ಆದರೂ ಅಂಕಣ ನನ್ನದಲ್ಲವೇ, ಬಿಡಲು ಮನಸ್ಸು ಬರಲಿಲ್ಲ.

ಮೊನ್ನೆ ಗುರುವಾರ ಮಿಕಾಯೇಲಾಳ ಪರೀಕ್ಷೆ. ಹೊಳೆಯಾಚೆಯ ಹಳ್ಳಿಶಾಲೆ, ಹದಿನಾಲ್ಕು ಮಕ್ಕಳು. ಪರೀಕ್ಷಕರು ಮೂವರು: ಆ ಶಾಲೆಯ ಏಕೈಕ ಶಿಕ್ಷಕಿ ಇರ್ಮಾ, ಇನ್ಸ್‌ಪೆಕ್ಟರ್ ಬುರ್ಗೆನ್ಯೊ, ಮತ್ತು ನಾನು. ಪಾಸಾದರೆ ಮಾರ್ಚಿನಲ್ಲಿ ಅವಳಿಗೆ ತನ್ನೂರಿನ ಶಾಲೆಯೇ ಸಿಗುವುದಿತ್ತು. ಫೇಲಾದರೆ ಮನೆಗೆ ವಾಪಸು. ಇನ್ನೊಂದು ವರ್ಷ ಓದುವ ಮಾತೇ ಇಲ್ಲ ಎಂದು ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ.

ಎರಡು ದಿನ ಮುಂಚೆ ಪಾಠಕ್ಕಾಗಿ ಚೀಟಿ ಎತ್ತಿದಾಗ ಅವಳಿಗೆ ಬಂದ ವಿಷಯ ನಕ್ಷೆ. ಶಾಲೆಯ ಹಿಂದಿನ ಹುಲ್ಲುಗಾವಲಿನಲ್ಲಿ ಒಂದು ಜೋಡಿ ಟಿಟ್ಟಿಭ ಹಕ್ಕಿ ಗೂಡು ಮಾಡಿ ವಾರಗಟ್ಟಲೆಯಿಂದ ಕಿರುಚಾಡುತ್ತಿದ್ದವು. ಮಿಕಾಯೇಲಾ ಹಿಂದಿನ ದಿನವೇ ಬಂದು, ಬೇಲಿಯ ನಾಲ್ಕು ಮೂಲೆಗಳಲ್ಲಿ ಮಕ್ಕಳಿಂದ ಲ್ಯಾಪ್‌ಟಾಪಿನಲ್ಲಿ ಆ ಕೂಗನ್ನು ರೆಕಾರ್ಡ್ ಮಾಡಿಸಿದ್ದಳು. ಪರೀಕ್ಷೆಯ ದಿನ ಅದನ್ನು ಕೇಳಿಸಿದರು. ನೀಲಗಿರಿ ಮರದ ಮೂಲೆಯದೇ ಎಲ್ಲಕ್ಕಿಂತ ಜೋರು.

"ಹಾಗಾದ್ರೆ ಗೂಡು ಎಲ್ಲಿದೆ?" ಎಂದು ಕೇಳಿದಳು ಮಿಕಾಯೇಲಾ.

"ಅಲ್ಲೇ, ಮರದ ಹತ್ರ," ಅಂದ ವಿಲ್ಮಾರ್ ಎಂಬ ಹುಡುಗ.

"ಅಯ್ಯೋ ಪೆದ್ದಾ!" ಅಂದಳು ಸೊಲೆದಾದ್. ಶಾಲೆಯ ಬಿಳಿ ನಿಲುವಂಗಿಯ ಕೊರಳಿನ ನೀಲಿ ರಿಬ್ಬನ್ ಬೋ ಬಿಚ್ಚಿ ಅವಳ ಹೊಟ್ಟೆಯವರೆಗೆ ಜೋತಾಡುತ್ತಿತ್ತು. "ಟಿಟ್ಟಿಭ ಕೂಗೋದು ಒಂದ್ಕಡೆ, ಮೊಟ್ಟೆ ಇಡೋದು ಇನ್ನೊಂದ್ಕಡೆ. ನಮ್ಮಜ್ಜಿಗೂ ಗೊತ್ತು."

"ಹಾಗಿದ್ರೆ ನಿಮ್ಮಜ್ಜಿನೇ ಕರ್ಕೊಂಡ್ ಬಾ, ಟೀಚರ್ ಪಾಸಾಗ್ಲಿ," ಅಂದ ವಿಲ್ಮಾರ್.

ನಗು ನಿಲ್ಲುವ ಮೊದಲೇ ಮಿಕಾಯೇಲಾ ಹೇಳಿದಳು: "ಎಲ್ರೂ ಮುಚ್ಚಿ. ಕೂಗು ಎಲ್ಲಿದೆ ಅಂತ ಇದು ಹೇಳಾಯ್ತು. ಗೂಡು ಎಲ್ಲಿದೆ ಅಂತ ಇದಕ್ಕೆ ಗೊತ್ತಿಲ್ಲ. ನಡೀರಿ."

ಹದಿನಾಲ್ಕು ಮುಚ್ಚಳಗಳು ಒಟ್ಟಿಗೇ ಟಪಟಪ ಎಂದವು. ಆಗ ಆಗಿದ್ದದ್ದು ಒಂಬತ್ತನೇ ನಿಮಿಷ. ಬುರ್ಗೆನ್ಯೊ ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮಕ್ಕಳು ಧ್ವಜಕಂಬದಿಂದ ಹೆಜ್ಜೆ ಎಣಿಸುತ್ತಾ ಹೊರಟರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಹಕ್ಕಿ ಎಷ್ಟು ಕೂಗುತ್ತಿದೆ ಎಂದು ಕಾಗದದಲ್ಲಿ ಗುರುತು ಹಾಕಿದರು. ಮರದ ಕಡೆ ಗಲಾಟೆಯೋ ಗಲಾಟೆ. ದನಗಳ ನೀರಿನ ತೊಟ್ಟಿಯ ಕಡೆ ಎಲ್ಲಕ್ಕಿಂತ ಕಡಿಮೆ. ಅಲ್ಲೇ ಒಂದು ಗೊರಸಿನ ಗುಳಿಯಲ್ಲಿ ಚುಕ್ಕೆಚುಕ್ಕೆಯ ನಾಲ್ಕು ಮೊಟ್ಟೆ. ಯಾರೂ ಮುಟ್ಟಲಿಲ್ಲ. ವಿಲ್ಮಾರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಒಳಗೆ ಬಂದು ಅವರು ಬರೆದ ನಕ್ಷೆ ಹಿಡಿದರೆ ನೀನು ಸಾಲ್ತೊದಿಂದ ನೇರ ಆ ಗೂಡಿಗೆ ಹೋಗಬಹುದು. ಮೂವತ್ತೆರಡು ವರ್ಷದಲ್ಲಿ ನಾನು ಇಂಥ ಪಾಠಗಳನ್ನು ಕಂಡದ್ದು ಎರಡೇ ಎರಡು.

ತೀರ್ಮಾನಕ್ಕೆ ಇರ್ಮಾಳ ಅಡುಗೆಮನೆಯಲ್ಲಿ ಕೂತೆವು. ಮಾಟೆ ಕಷಾಯ ಕುಡಿಯುವ ಸೋರೆಬುರುಡೆ ಕೈಯಿಂದ ಕೈಗೆ ಒಂದು ಸುತ್ತು ಬಂತು.

"ಹಾಳೆ ನಿಮ್ಮದೇ, ನಿಲ್ಡಾ," ಅಂದರು ಬುರ್ಗೆನ್ಯೊ. "ಒಂಬತ್ತು ನಿಮಿಷ. ನಾನೇನ್ ಮಾಡ್ಲಿ?" ಮತ್ತೊಂದು ಮಾತೂ ಅಂದರು. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಇರ್ಮಾ ಸಿಡುಕಿದಳು. "ಹುಡುಗಿ ಪಾಸು. ಬೇಕಿದ್ರೆ ನಿಮ್ಮ ಗಡಿಯಾರಕ್ಕೆ ಫೇಲ್ ಕೊಟ್ಕೊಳ್ಳಿ ಸಾರ್."

ಉಳಿದದ್ದು ನನ್ನ ಮತ. "ಒಂಬತ್ತು ನಿಮಿಷಕ್ಕೆ ಯಂತ್ರದ ಕೆಲಸ ಮುಗೀತು," ಅಂದೆ. "ಯಾವಾಗ ಮುಚ್ಚಬೇಕು ಅಂತ ಗೊತ್ತಿರೋಳಿಗೆ ಯಾಕೆ ತೆರೀಬೇಕು ಅಂತಲೂ ಗೊತ್ತಿರತ್ತೆ." ನನ್ನ ಅಂಕಣದ ಮೇಲೆ ಉದ್ದಕ್ಕೂ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಯಂತ್ರ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು? ಇನ್ನು ಮೇಲೆ ಹಾಳೆಯಲ್ಲಿ ಇದೇ ಇರುತ್ತದೆ. ಹನ್ನೆರಡಕ್ಕೆ ಹನ್ನೊಂದು ಕೊಟ್ಟೆವು. ಬುರ್ಗೆನ್ಯೊ ಕೂಡ ಸಹಿ ಹಾಕಿದರು.

ಹೊರಗೆ ಬಂದರೆ ಮಿಕಾಯೇಲಾ ಮೆಟ್ಟಿಲ ಮೇಲೆ ಕೂತು ಸೊಲೆದಾದಳ ಬೋ ಕಟ್ಟುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಒಂಬತ್ತೇ ನಿಮಿಷ ಆಯ್ತಲ್ವಾ ಟೀಚರ್? ನಂಗೆ ಗೊತ್ತಿತ್ತು. ಏನ್ ಮಾಡ್ಲಿ, ಮಕ್ಕಳು ಆಗ್ಲೇ ಬಾಗಿಲ ಕಡೆ ನೋಡ್ತಿದ್ರು."

"ಪಾಸಾದೆ ಕಣೇ," ಅಂದೆ. ಅವಳು ಬೋ ಕಟ್ಟುವುದನ್ನು ಪೂರ್ತಿ ಮುಗಿಸಿಯೇ ಅತ್ತಳು. ಎದೆ ತುಂಬಿತು, ಮಗಳೇ. ಎಷ್ಟೋ ಜನರಿಗೆ ಕಲಿಸಿದ್ದೇನೆ. ನನಗೇ ಕಲಿಸಿದವರು ಕಡಿಮೆ.

ಹೊಟ್ಟೆತುಂಬ ಊಟ ಮಾಡು. ಶೆಡ್ಡಿನ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ. ನೀನು ಕೈ ಹಾಕಿದ್ದೆಲ್ಲ ನಿನಗೆ ಒಲಿಯಲಿ.

ನಿನ್ನ ಅಮ್ಮ,
ನಿಲ್ಡಾ

ಮರೆತದ್ದಲ್ಲ, ಮುಂದೂಡಿದ್ದು: ಬುರ್ಗೆನ್ಯೊ ಅಂದ ಇನ್ನೊಂದು ಮಾತು ಇದು. "ನಿಮ್ಮ ಮಗಳದ್ದು ಏಳು ನಿಮಿಷ ಇತ್ತು. ಆವತ್ತು ನಾನು ಪಾಸ್ ಮಾಡೋಣ ಅಂದಾಗ, ಇದೇ ಹಾಳೆ ಮುಂದಿಟ್ಟು ಬೇಡ ಅಂದೋರು ನೀವು." ನಿಜ, ಆನಾಹಿ. ನೀನು ಏಳನೇ ನಿಮಿಷಕ್ಕೆ ಯಂತ್ರ ಮುಚ್ಚಿಸಿ ಮಕ್ಕಳನ್ನು ಧ್ವಜಕಂಬದ ನೆರಳು ಅಳೆಯಲು ಕರೆದುಕೊಂಡು ಹೋಗಿದ್ದೆ. ಮಕ್ಕಳು ಬಾಗಿಲ ಕಡೆ ನೋಡುತ್ತಿದ್ದರು ಎಂದೇ ನೀನೂ ಹೇಳಿದ್ದೆ. ನಾನು ಕಂಡ ಎರಡು ಪಾಠಗಳಲ್ಲಿ ಮೊದಲನೆಯದು ಅದು. ಸ್ವಂತ ಮಗಳಿಗಾಗಿ ತನ್ನ ನಿಯಮವನ್ನೇ ಮುರಿದಳು ಎಂದು ಜನ ಆಡಿಕೊಂಡಾರೆಂದು ಹೆದರಿದೆ. ನಿನ್ನ ಪರವಾಗಿ ಮತ ಹಾಕಿದವಳು ನಾನೊಬ್ಬಳೇ ಎಂದು ನೀನು ನಂಬಿದೆ, ನಾನು ನಂಬಲು ಬಿಟ್ಟೆ. ಆ ಸಂಜೆ ಮಳೆ ಬರುತ್ತಿತ್ತು. ನಾನು ಮಳೆದಿನದ ರೊಟ್ಟಿಯನ್ನು ಎಣ್ಣೆಯಲ್ಲಿ ಕರಿಯುತ್ತಾ, ನೀನು ಅಳುತ್ತಾ, ಇಬ್ಬರೂ ಸೇರಿ ಬುರ್ಗೆನ್ಯೊ ಅವರನ್ನು ಬೈದೆವು. ನನ್ನ ದನಿಯೇ ಜೋರಾಗಿತ್ತು.

ಗೂಡು ಎಲ್ಲಿತ್ತೆಂದು ಈಗ ನಿನಗೆ ತಿಳಿಯಿತು.