ಆರನೇ ಎಣಿಕೆಗೆ ಕರಿಬಂಡೆ

ಅಪ್ಪಾ,

ಹೋದವರಿಗೆ ಬರೆದ ಕಾಗದವನ್ನು ಯಾವ ಡಬ್ಬಿಗೆ ಹಾಕಬೇಕೋ ನನಗೆ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನ ಮೇಲಿನ ನನ್ನ ಹೊಟ್ಟೆಕಿಚ್ಚು ನೀನು ಹೋದಮೇಲೂ ತಣ್ಣಗಾಗಿಲ್ಲ. ಎಂಜಿನಿಯರ್ ಮಗ ತೂಬು ಎತ್ತಿ ನೀರು ಬಿಡುವ ನೀರಗಂಟಿ ಅಪ್ಪನ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆಯೇ ಅಂತ ನಗಬೇಡ. ಮಾರಿಕಣಿವೆ ಕೆರೆಯ ಆಫೀಸಿನಲ್ಲಿ ಇವತ್ತಿಗೂ ನಾನು ‘ರಂಗಪ್ಪನ ಮಗ’.

ಚಿಕ್ಕವನಿದ್ದಾಗ ನಿನ್ನ ಹಿಂದೆ ಕಾಲುವೆ ಏರಿ ಮೇಲೆ ನಡೆಯುತ್ತಿದ್ದದ್ದು ನೆನಪಿದೆ. ನೀನು ಒಂದು ಹೊಂಗೆ ಎಲೆ ಕಿತ್ತು ನೀರಿಗೆ ಬಿಡುತ್ತಿದ್ದೆ. ಅವ್ವ ಸೇರಿನಲ್ಲಿ ರಾಗಿ ಅಳೆಯುವಾಗ ಎಣಿಸುತ್ತಾಳಲ್ಲ, ಅದೇ ಗತಿಯಲ್ಲಿ, ಒಂದು ಅನ್ನುವ ಬದಲು ಲಾಭ ಅಂತ ಶುರುಮಾಡಿ ಎಣಿಸುತ್ತಿದ್ದೆ: ಲಾಭ, ಎರಡು, ಮೂರು... ಎಲೆ ಎಷ್ಟನೇ ಎಣಿಕೆಗೆ ಮೋರಿ ಮುಟ್ಟಿತೋ ನೋಡಿ, ತೂಬನ್ನು ಎಷ್ಟು ಎತ್ತಬೇಕೋ ಹೇಳಿಬಿಡುತ್ತಿದ್ದೆ. ಆಮೇಲೆ ಆ ಕಥೆ ಬಂದೇ ಬರುತ್ತಿತ್ತು. ನಾನು ಹುಟ್ಟುವ ಮೊದಲು ಒಮ್ಮೆ ಕೆರೆ ತುಂಬಿ ಕೋಡಿ ಬಿದ್ದದ್ದು, ನೀನು ಅಲ್ಲೂ ಎಲೆ ಬಿಟ್ಟದ್ದು, ಕೋಡಿಯ ಅಂಚಿನಿಂದ ಕೆಳಗಿನ ಕರಿಬಂಡೆಗೆ ಅದು ಸರಿಯಾಗಿ ಆರಕ್ಕೆ ಮುಟ್ಟಿದ್ದು. ಆಮೇಲೆ ಕೋಡಿ ಬೀಳಲೇ ಇಲ್ಲ. ನೀನು ಕಂಡದ್ದನ್ನು ನಾನು ಕಾಣುವ ಹಾಗೇ ಇರಲಿಲ್ಲ. ಇದೆಂಥ ನ್ಯಾಯ ಹೇಳು?

ನಮ್ಮ ಆಫೀಸಿನ ದೊಡ್ಡ ಎಂಜಿನಿಯರ್ ಸಾಹೇಬರು ನನ್ನನ್ನು ಬೆಂಗಳೂರಿಗೆ ಕಳಿಸಿದಾಗ ಅವ್ವ ಬುತ್ತಿ ಕಟ್ಟಿಕೊಟ್ಟಿದ್ದಳು. ಅಲ್ಲಿ ಕೋಣೆಯಷ್ಟು ದೊಡ್ಡ ಕಂಪ್ಯೂಟರ್ ಇತ್ತು. ತೂತು ಹೊಡೆದ ಕಾರ್ಡುಗಳಲ್ಲಿ ನಮ್ಮ ಕೋಡಿಯಿಂದ ಕರಿಬಂಡೆಯವರೆಗಿನ ಅಳತೆ ತುಂಬಿಸಿ ಕೊಟ್ಟರೆ, ತುಂಬಿದ ಕೆರೆಯ ನೀರು ಕ್ಷಣಕ್ಷಣಕ್ಕೂ ಎಲ್ಲಿರುತ್ತದೆ ಎಂದು ಅದು ಲೆಕ್ಕ ಹಾಕಿ ಚುಕ್ಕಿ ಚುಕ್ಕಿಯಾಗಿ ಅಚ್ಚು ಹಾಕುತ್ತಿತ್ತು. ಒಂದೊಂದು ಹಾಳೆಯ ಫೋಟೋ ಹಿಡಿದು ಜೋಡಿಸಿ ಫಿಲ್ಮ್ ಮಾಡಿದೆ. ಸೆಕೆಂಡಿಗೆ ಹದಿನಾರು ಚಿತ್ರ ಓಡಿದರೆ ನಿಜವಾದ ನೀರಿನ ವೇಗ. ಯಾಕಷ್ಟು ಕಷ್ಟಪಟ್ಟೆ ಗೊತ್ತೇ? ನೀನು ಒಂದೇ ಸಲ ಕಂಡ ಕೋಡಿಯನ್ನು ನಾನು ಬೇಕೆಂದಾಗಲೆಲ್ಲ ನೋಡಬಹುದಲ್ಲ ಅಂತ. ನಿನ್ನ ಕಥೆ ಅಲ್ಲಿಗೆ ಮುಗಿಯಲಿ ಅಂತ.

ಸಾಹೇಬರ ಬಂಗಲೆಯಲ್ಲಿ ಫಿಲ್ಮ್ ತೋರಿಸಿದ ಮಧ್ಯಾಹ್ನ ಗೋಡೆಗೆ ಕಟ್ಟಿದ್ದು ನಿನ್ನದೇ ಬಿಳಿ ಪಂಚೆ. ಬೆಳಿಗ್ಗೆ ಒಬ್ಬನೇ ಓಡಿಸಿ ನೋಡಿದಾಗ ನೀರು ತೂಕಡಿಸಿದ ಹಾಗೆ ಕಂಡಿತ್ತು. ಕೋಡಿ ನೀರು ಅಂದರೆ ಭೋರ್ಗರೆಯಬೇಡವೇ? ಪ್ರೊಜೆಕ್ಟರಿನಲ್ಲಿ ಟಾಕಿ ಸಿನಿಮಾಕ್ಕೆ ಅಂತ ಇಪ್ಪತ್ನಾಲ್ಕರ ವೇಗವೂ ಇತ್ತು. ಸ್ವಿಚ್ಚನ್ನು ಅದಕ್ಕೆ ತಿರುಗಿಸಿದೆ. ಈಗ ಒಪ್ಪಿಕೊಳ್ಳುತ್ತೇನೆ, ನಾನೇ ತಿರುಗಿಸಿದ್ದು.

ಕಿಟಕಿ ಮುಚ್ಚಿ ಫಿಲ್ಮ್ ಬಿಟ್ಟಾಗ ಆಫೀಸಿನವರೆಲ್ಲ ಬೆರಗಾಗಿ ನೋಡುತ್ತಿದ್ದರು. ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ ನೀನು ಮೆಲ್ಲಗೆ ಎಣಿಸಿದ್ದು ನನಗೆ ಕೇಳಿಸಿತು. ಲಾಭ, ಎರಡು, ಮೂರು, ನಾಕು.

“ಸಾಹೇಬ್ರೇ, ತಪ್ಪು ತಿಳ್ಕಬ್ಯಾಡ್ರಿ,” ಅಂದೆ ನೀನು. “ಈ ನೀರು ಬಾಳ ಅವಸರ ಮಾಡ್ತೈತೆ. ನಾ ಕಂಡ ನೀರು ಬಂಡೆಗೆ ಆರಕ್ಕೆ ಮುಟ್ತಿತ್ತು. ಇದು ನಾಕಕ್ಕೇ ಮುಟ್ತೈತೆ.”

ಸಾಹೇಬರು ನನ್ನ ಕಡೆ ನೋಡಿದರು. ಸ್ವಿಚ್ ಸಡಿಲ ಆಗಿದೆ ಸಾರ್ ಅಂದೆ ನಾನು. ಹದಿನಾರಕ್ಕೆ ಇಟ್ಟು ಮತ್ತೆ ಓಡಿಸಿದೆ. ನೀನು ಎಣಿಸಿದೆ. ನೀರಿನ ಚುಕ್ಕಿ ಆರಕ್ಕೆ ಸರಿಯಾಗಿ ಬಂಡೆ ಮುಟ್ಟಿತು. ಸಾಹೇಬರು ಎದ್ದು ತಮ್ಮ ಕುರ್ಚಿಯನ್ನು ನಿನಗೆ ಕೊಟ್ಟರು. ಆರು ತಿಂಗಳು ದುಡಿದ ನಾನು ಮಿಷನ್ನಿನ ಪಕ್ಕ ನಿಂತೇ ಇದ್ದೆ.

ಮನೆಗೆ ನಡೆದು ಬರುವಾಗ ನೀನೇ ಮಾತು ತೆಗೆದೆ. “ನಿನ್ನ ಲೆಕ್ಕ ಸರಿ ಐತೆ ಕಣ್ಲೇ ತಿಪ್ಪೇಶಿ,” ಅಂದೆ. ನಾನು ಹೆಜ್ಜೆ ಜೋರು ಮಾಡಿ ಮುಂದೆ ಹೋದೆ. ತಿಂಗಳುಗಟ್ಟಲೆ ನಿನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಸ್ವಿಚ್ಚಿನ ನಿಜ ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ನೀನು...

ಮೊನ್ನೆ ಹಿರಿಯೂರು, ಹೊಸದುರ್ಗದ ಎಂಜಿನಿಯರುಗಳಿಗೆ ಅದೇ ಫಿಲ್ಮ್ ತೋರಿಸಿದೆ. ವೇಗ ಸರಿಯಿದೆಯೇ ಎಂದು ಯಾರೋ ಕೇಳಿದರು. ತಡೀರಿ ಅಂದು ಜೋರಾಗಿ ಎಣಿಸಿದೆ, ಲಾಭ ಅಂತಲೇ ಶುರುಮಾಡಿ. ನಕ್ಕರು, ನಗಲಿ. ಎಲ್ಲ ಹೋದಮೇಲೆ ಸಾಹೇಬರಿಗೆ ನಿಜ ಹೇಳಿದೆ, ಅವತ್ತು ಸ್ವಿಚ್ ಸಡಿಲ ಆಗಿರಲಿಲ್ಲ ಅಂತ.

ಅವರು ಕನ್ನಡಕ ಒರೆಸುತ್ತಾ ಹೇಳಿದರು: “ಗೊತ್ತು ಕಣಯ್ಯಾ. ಮರುದಿನವೇ ನಿಮ್ಮಪ್ಪ ಬಂದು ಹೇಳಿದ್ದ. ‘ಹುಡುಗ ದೊಡ್ಡ ನೀರು ಕಂಡಿಲ್ಲ ಸಾಹೇಬ್ರೇ, ಕಾಲುವೆ ನೀರೊಂದೇ ಕಂಡಾನೆ. ಬೈಬ್ಯಾಡ್ರಿ’ ಅಂದ.”

ನೋಡಿದೆಯಾ, ಅಲ್ಲೂ ನೀನೇ ಗೆದ್ದೆ. ಹೌದಪ್ಪ, ದೊಡ್ಡ ನೀರು ದೂರದಿಂದ ನಿಧಾನವಾಗಿ ಕಾಣುತ್ತದೆಂದು ನನಗೆ ತಿಳಿದಿರಲಿಲ್ಲ. ಫಿಲ್ಮಿನ ಡಬ್ಬಿಯ ಮೇಲೆ ಈಗ ಬರೆಸಿದ್ದೇನೆ: ‘ಸೆಕೆಂಡಿಗೆ ಹದಿನಾರು. ಪರೀಕ್ಷೆ ಮಾಡಿದವರು: ನೀರಗಂಟಿ ರಂಗಪ್ಪ.’

ನನ್ನ ಕಾಲದಲ್ಲಿ ಕೋಡಿ ಬಿದ್ದರೆ ಮೊದಲ ಹೊಂಗೆ ಎಲೆ ನಾನೇ ಬಿಡುತ್ತೇನೆ. ಅದು ಏಳಕ್ಕೆ ಮುಟ್ಟಲಿ, ನಿನ್ನದೊಂದು ಲೆಕ್ಕವಾದರೂ ತಪ್ಪಲಿ ಅಂತ ಈಗಲೂ ಒಳಗೊಳಗೇ ಆಸೆ ಇದೆ. ಆದರೆ ಆರಕ್ಕೇ ಮುಟ್ಟಿದರೆ, ಸುತ್ತ ಎಷ್ಟು ಜನ ನಿಂತಿದ್ದರೂ, ಆರು ಅಂತಲೇ ಕೂಗುತ್ತೇನೆ.

ರಂಗಪ್ಪನ ಮಗ
ತಿಪ್ಪೇಶಿ