ಎಂಟು ಬಿಸಿಲ ದಿನಗಳು

ಕ್ರಿ.ಶ. 2417, ಬಯಲು ಮುಚ್ಚಿದ ಮೂರನೆಯ ವರ್ಷ, ಮಾಘದ ಹನ್ನೊಂದನೆಯ ದಿನ.

ನೂರು ವರ್ಷದ ನಂತರ ಈ ಪೆಟ್ಟಿಗೆ ತೆರೆಯುವವರಿಗೆ,

ನನ್ನ ಮಾತುಗಳು ನಿಮ್ಮ ಕಾಲಕ್ಕೆ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಆರು ವರ್ಷ ಮಾತ್ರ ಓದಿದವನು. ದಿನಚರಿ ಬರೆಯುವ ಅಭ್ಯಾಸವೊಂದಿದೆ, ಅಷ್ಟೆ.

ನಮ್ಮ ಊರು ಕೇಳುಬಯಲಿನ ಅಂಚಿನಲ್ಲಿದೆ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯಲು ತಂತಿಕಂಬಗಳನ್ನು ನೆಟ್ಟ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಬೆಳಗಿನಿಂದ ನಡುಮಧ್ಯಾಹ್ನದವರೆಗೆ ಮೌನಜಾವ. ಯಂತ್ರಗಳ ಸದ್ದು ಕಂಬದ ತಂತಿಗೆ ಸೇರಿಬಿಡುತ್ತದೆಂದು ಆಗ ಊರಿನಲ್ಲಿ ಯಾರೂ ಯಾವ ಯಂತ್ರವನ್ನೂ ಹಚ್ಚುವಂತಿರಲಿಲ್ಲ. ರೊಟ್ಟಿಯನ್ನು ಸೌದೆಯಲ್ಲೇ ಸುಡಬೇಕು, ನೀರನ್ನು ಕೈಯಲ್ಲೇ ಸೇದಬೇಕು. ತಪ್ಪಿದ ಮನೆಯವರು ಊರು ಬಿಡಬೇಕು.

ನನ್ನ ಅಕ್ಕ ಬೋರಕ್ಕ ಅಲ್ಲಿನ ಕೇಳುಗಿತ್ತಿ. ಹಸ್ತ ನಕ್ಷತ್ರದ ಪಕ್ಕದಿಂದ ಹತ್ತೊಂಬತ್ತು ದಿನ ಒಂದೇ ಬಗೆಯ ಮಿಡಿತ ಬಂತೆಂದು ದಾಖಲಿಸಿದಳು. ಅಲ್ಲಿಂದ ಯಾರೋ ಕರೆಯುತ್ತಿದ್ದಾರೆ ಎಂದಳು. ಪರೀಕ್ಷಕರು ಬಂದರು. ಅವುಗಳಲ್ಲಿ ಹನ್ನೊಂದು ದಿನಗಳ ದಾಖಲೆಯಲ್ಲಿ ಮಿಡಿತದ ಜೊತೆ ಯಾವುದೋ ಮನೆಯಂತ್ರದ ಗರಗರ ಸದ್ದೂ ಇತ್ತು. ಊರಿನ ಪ್ರತಿ ಮನೆಯವರೂ ಏನೂ ಹಚ್ಚಿಲ್ಲವೆಂದು ಆಣೆ ಮಾಡಿದರು. ಹಾಗಾದರೆ ಹತ್ತೊಂಬತ್ತು ದಿನದ್ದೂ ಬೋರಕ್ಕನೇ ಯಾವುದೋ ಯಂತ್ರದಿಂದ ಹುಟ್ಟಿಸಿದ್ದು ಎಂದು ತೀರ್ಪಾಯಿತು. "ಬೋರಕ್ಕಂಗೆ ಆಕಾಶ್ದಾಗೆ ನೆಂಟ್ರು ಸಿಕ್ಕವ್ರಂತೆ, ಒಬ್ಬಟ್ಟು ಬೇಯ್ಸ್ರಪ್ಪಾ!" ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಬಯಲು ಮುಚ್ಚಿತು.

ಆಣೆಯ ಹಿಂದಿನ ದಿನ ಅಕ್ಕ ನಮ್ಮ ಮನೆಗೆ ಬಂದಿದ್ದಳು. "ಲೋ ಕೆಂಚಾ, ನಿಮ್ಮನೇಲಿ ಏನೂ ಹಚ್ಚಿರ್ಲಿಲ್ಲ ತಾನೆ?"

"ಇಲ್ಲಕ್ಕ" ಎಂದೆ.

ಹಚ್ಚಿದ್ದೆ. ಅಮ್ಮನ ಮೊಣಕಾಲಿಗೆ ಸುತ್ತುವ ವಿದ್ಯುತ್ತಿನ ಕಾವುಪಟ್ಟಿ. ಮೋಡ ಕವಿದ ದಿನ ಅವಳ ನರಳಾಟ ನೋಡಲಾಗುತ್ತಿರಲಿಲ್ಲ. ನಿಜ ಹೇಳಿದರೆ ಅವಳನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ ಎಂದುಕೊಂಡೆ. ಕೆಲಸ ಕಳೆದುಕೊಂಡ ಅಕ್ಕ ದಿನವೂ ಬಂದು ಅಮ್ಮನ ಕಾಲು ನೀವುತ್ತಿದ್ದಳು. ಪಟ್ಟಿ ಅವಳ ತಲೆಯ ಮೇಲೆ ಗೂಟದಲ್ಲಿ ತೂಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೂ ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನ್ನಲ್ಲಿ ನೆಪವಿಲ್ಲ. ಕಳೆದ ತಿಂಗಳು ಅಕ್ಕನೂ ಹೋದಳು.

ಇಂದು ಅವಳ ದಾಖಲೆಗಳನ್ನು ಪೆಟ್ಟಿಗೆಗೆ ಹಾಕಿ ನೂರು ವರ್ಷಕ್ಕೆ ಮುದ್ರೆ ಒತ್ತುತ್ತಾರೆ. ಊರಿನವರ ಎದುರು ನಿಂತು ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಅದಕ್ಕೇ ಈ ಕಾಗದ. ನನ್ನ ದಿನಚರಿಯನ್ನೂ ಒಳಗಿಡುತ್ತಿದ್ದೇನೆ. ಪಟ್ಟಿ ಹಚ್ಚಿದ ಹನ್ನೊಂದು ದಿನಗಳ ಕೆಳಗೆ ಗೆರೆ ಎಳೆದಿದ್ದೇನೆ, ಅವನ್ನು ಬಿಟ್ಟುಬಿಡಿ. ಉಳಿದ ಎಂಟನ್ನು ಕೇಳಿ. ಕಂಬಗಳನ್ನು ಮತ್ತೆ ನೆಟ್ಟು ಹಸ್ತದ ಕಡೆ ಕಿವಿಗೊಡಿ.

ಆ ಎಂಟು ದಿನ ಒಳ್ಳೆಯ ಬಿಸಿಲಿತ್ತು. ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನಮ್ಮ ಮನೆಯಲ್ಲಿ ಏನೂ ಹಚ್ಚಿರಲಿಲ್ಲ.

ಕೆಂಚಪ್ಪ